ಕೌಂತೇಯರನ್ನು ಎರಡು ತುಂಡು ಮಾಡಿದ್ದು

ನಾನು ಗಮಕ ಓದುತ್ತೇನೆ ಅಂದರೆ ಆಫೀಸಿನ ಮರಾಠಿ ಗೆಳೆಯರು 'ಕೀರ್ತನೆಯಾ?' ಅಂತ ಕೇಳುತ್ತಾರೆ. ಅಲ್ಲ. ಇಲ್ಲಿ ತಾಳ ಇಲ್ಲ. ಒಬ್ಬರು ಕಾವ್ಯವನ್ನು ರಾಗದಲ್ಲಿ ಓದುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಾರೆ. ಅಷ್ಟೇ.

ಮೊದಲ ಸಲ ಓದಿದ್ದು ಮುಂಬಯಿಯ ಘಾಟ್ಕೋಪರಿನ ಒಂದು ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ. ಮೂವತ್ತು ಪ್ಲಾಸ್ಟಿಕ್ ಕುರ್ಚಿ. ಕೂತವರಲ್ಲಿ ಹೆಚ್ಚಿನವರು ಉಡುಪಿ, ಕುಂದಾಪುರ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿದವರು. ಆರಿಸಿಕೊಂಡದ್ದು ಕುಮಾರವ್ಯಾಸನ ಕರ್ಣಭೇದನ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಿ, ರಾಜ್ಯ ಕೊಡಿಸುತ್ತೇನೆ ಬಾ ಅನ್ನುವ ಭಾಗ. ದುಃಖದ ಸಂದರ್ಭ ಅಲ್ವಾ, ಮುಖಾರಿ ರಾಗ ಹಿಡಿದೆ. ಪದ ಪದವನ್ನೂ ಎಳೆದೆ, ಗಂಟಲು ನಡುಗಿಸಿದೆ. ನನ್ನ ಕಣ್ಣೇ ಒದ್ದೆಯಾಯಿತು. ಎದುರಿಗಿದ್ದವರದ್ದು ಒಣಗಿಯೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಕೊನೆಯ ಬಸ್ಸಿನ ಲೆಕ್ಕ ಹಾಕುತ್ತಿದ್ದರು.

ಮುಗಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದರು. "ರಾಗ ಲಾಯ್ಕುಂಟು ಮಾರಾಯ್ರೆ. ಆದ್ರೆ ಕರ್ಣ ಎಂತ ಹೇಳಿದ?"

ಮನೆಗೆ ಬಂದು ಪುಸ್ತಕ ಬಿಡಿಸಿದೆ. ಭಾಮಿನಿ ಷಟ್ಪದಿಯಲ್ಲಿ 6 ಸಾಲು. ನಾಲ್ಕು ಸಾಲಿಗೆ 14 ಮಾತ್ರೆ, ಮೂರನೆಯದಕ್ಕೂ ಆರನೆಯದಕ್ಕೂ 23. ಇದು ಎಲ್ಲರಿಗೂ ಗೊತ್ತು. ನಾನು ಮಾಡಿದ ತಪ್ಪು ಬೇರೆ. ಸಾಲು ಮುಗಿದಲ್ಲೆಲ್ಲ ಉಸಿರು ತೆಗೆದುಕೊಳ್ಳುತ್ತಿದ್ದೆ. ಕರ್ಣ ಕೃಷ್ಣನಿಗೆ ಉತ್ತರ ಕೊಡುವ 'ಮರುಳು ಮಾಧವ' ಪದ್ಯದ ಎರಡನೇ ಸಾಲು 'ಕೌಂತೇ' ಎಂದು ನಿಲ್ಲುತ್ತದೆ, 'ಯರು' ಮುಂದಿನ ಸಾಲಿನಲ್ಲಿದೆ. ಪಾಂಡವರನ್ನು ಯುದ್ಧಕ್ಕೆ ಮೊದಲೇ ನಾನು ಎರಡು ತುಂಡು ಮಾಡಿದ್ದೆ!

ಆಮೇಲೆ ಒಂದು ತಿಂಗಳು ರಾಗ ಬಿಟ್ಟುಬಿಟ್ಟೆ. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಪದ್ಯವನ್ನು ಸುಮ್ನೆ ಮಾತಿನ ಹಾಗೆ ಹೇಳಿಕೊಳ್ಳುತ್ತಿದ್ದೆ. ಪಕ್ಕದವರು ಫೋನಿನಲ್ಲಿ ಜಗಳ ಆಡುತ್ತಿದ್ದಾನೆ ಅಂದುಕೊಂಡಿರಬೇಕು. ಹಾಗೆ ಹೇಳುವಾಗಲೇ ಗೊತ್ತಾದದ್ದು, ಈ ಪದ್ಯದಲ್ಲಿ ಕರ್ಣ ಅಳುತ್ತಲೇ ಇಲ್ಲ. ಸಿರಿಗೆ ಸೋಲುವವನಲ್ಲ ಅಂತ ನೇರವಾಗಿ ಹೇಳುತ್ತಾನೆ. 'ಹೊರೆದ ದಾತಾರಂಗೆ', ಅಂದರೆ ಸಾಕಿದ ಧಣಿಗೆ, ಶತ್ರುಗಳ ತಲೆ ಒಪ್ಪಿಸುವ ಆತುರದಲ್ಲಿದ್ದೆ, ಕೌರವನನ್ನು ನೀನು ಕೊಂದೆ ಅನ್ನುತ್ತಾನೆ. ಕೌರವ ಇನ್ನೂ ಬದುಕಿದ್ದಾನೆ, ಆದರೂ 'ಕೊಂದೆ' ಅಂದುಬಿಡುತ್ತಾನೆ. ಅಲ್ಲಿ ನಾನು ಗಂಟಲು ನಡುಗಿಸುವುದಕ್ಕೆ ಏನಿದೆ?

ಎರಡನೇ ಸಲ ಅದೇ ಹಾಲ್, ಅದೇ ಪದ್ಯ. ರಾಗ ತೆಳ್ಳಗೆ ಇಟ್ಟೆ. ಕೌಂತೇಯರನ್ನು ಒಂದೇ ಉಸಿರಿನಲ್ಲಿ ದಾಟಿಸಿದೆ. 'ಹೊರೆದ ದಾತಾರಂಗೆ' ಅಂದು ಕ್ಷಣ ಹೊತ್ತು ನಿಂತೆ. ಫ್ಯಾನಿನ ಕಿರ್ ಕಿರ್ ಕೇಳಿಸಿತು. ವ್ಯಾಖ್ಯಾನ ಮಾಡುತ್ತಿದ್ದವರು ಪಾಪ, ಮಾತು ಶುರು ಮಾಡಲು ಬಾಯಿ ತೆರೆದವರು ಸುಮ್ಮನಾದರು. ಆ ಹಿರಿಯರು ತಲೆ ತಗ್ಗಿಸಿ ಕೂತಿದ್ದರು.

ಚಹಾ ಕುಡಿಯುವಾಗ ಅವರೇ ಮಾತು ತೆಗೆದರು. ಹುಡುಗನಾಗಿ ಈ ಊರಿಗೆ ಬಂದಾಗ ಧಣಿಗಳು ಹೋಟೆಲಿನಲ್ಲೇ ಮಲಗಲು ಜಾಗ ಕೊಟ್ಟರಂತೆ. ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗೆ ಕಳಿಸಿದರಂತೆ. ಲೆಕ್ಕ ಕಲಿತು ಗಲ್ಲಾಕ್ಕೆ ಕೂರುವ ಹೊತ್ತಿಗೆ ಎದುರಿನ ಹೋಟೆಲಿನವರು ಜಾಸ್ತಿ ಸಂಬಳಕ್ಕೆ ಕರೆದರು.

"ನಾನು ಹೋದೆ," ಎಂದರು.

ಲೋಟ ಕೆಳಗಿಟ್ಟು, ಮುಂದಿನ ಸಲ ಯಾವತ್ತು ಅಂತ ಕೇಳಿದರು. ಎರಡನೇ ಶನಿವಾರ ಅಂದೆ. "ಅದನ್ನೇ ಓದಿ. ಬೇರೆ ಬೇಡ."