ಡ್ರಮ್ಮಿನೊಳಗೆ ಕಡಲಿನ ಉಸಿರು

ಬೈಂದೂರಿನ ಕಡಲತೀರದ ಬಂಡೆಗಳ ನಡುವೆ ಒಂದು ಸಂದಿ ಇದೆ. ತೆರೆ ನುಗ್ಗಿದಾಗ ಅಲ್ಲಿಂದ ಬುಸ್ಸೆಂದು ಗಾಳಿ ಮುಖಕ್ಕೆ ಹೊಡೆಯುತ್ತದೆ. ತೆರೆ ಸರಿದರೆ ಅದೇ ಸಂದಿ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಆ ಗಾಳಿಯಿಂದ ಒಂದು ದೀಪವನ್ನಾದರೂ ಉರಿಸಬೇಕು ಎಂದು ಬಹಳ ದಿನದಿಂದ ಆಸೆಯಿತ್ತು. ಕೇರಳದ ವಿಳಿಂಜಂನಲ್ಲಿ ಐಐಟಿ ಮದ್ರಾಸಿನವರು 1991ರಲ್ಲೇ ಹೀಗೆ 150 ಕಿಲೋವ್ಯಾಟಿನ ಘಟಕ ಕಟ್ಟಿದ್ದರು. ಅವರದು ಕಾಂಕ್ರೀಟಿನ ದೊಡ್ಡ ಕೋಣೆ. ನಮಗೆ ಸಿಕ್ಕಿದ್ದು 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್.

ಡ್ರಮ್ಮಿನ ಒಂದು ಬದಿ ಕತ್ತರಿಸಿ, ಬೋರಲು ಹಾಕಿ, ಅರ್ಧ ಮುಳುಗುವಂತೆ ಬಂಡೆಗೆ ಕಟ್ಟಬೇಕು. ಒಳಗೆ ನೀರು ಏರಿದರೆ ಮೇಲಿನ ಗಾಳಿ ಪೈಪಿನಿಂದ ಹೊರಗೆ ಬರುತ್ತದೆ. ಪೈಪಿನಲ್ಲಿ ಸಣ್ಣ ಫ್ಯಾನು, ಫ್ಯಾನಿಗೆ ಹಳೆಯ ಟೇಪ್‌ರೆಕಾರ್ಡರಿನ ಮೋಟಾರು. ಕರೆಂಟು ಕೊಟ್ಟರೆ ತಿರುಗುವ ಮೋಟಾರನ್ನು ನಾವೇ ತಿರುಗಿಸಿದರೆ ಅದೇ ಡೈನಮೋ, ಅಲ್ವಾ?

ಮೊದಲ ದಿನ ಏನೂ ಉರಿಯಲಿಲ್ಲ. 4 ಇಂಚಿನ ಪೈಪು ಹಾಕಿದ್ದೆವು. ಮಕ್ಕಳನ್ನು ಮರಳಿನ ಮೇಲೆ ಕೂರಿಸಿ ಲೆಕ್ಕ ಮಾಡಿಸಿದೆ. ಡ್ರಮ್ಮಿನೊಳಗೆ ನೀರು ಸೆಕೆಂಡಿಗೆ ಸುಮಾರು 7 ಸೆಂಟಿಮೀಟರ್ ಏರುತ್ತಿತ್ತು. ಡ್ರಮ್ಮಿನ ಬಾಯಿಗಿಂತ ಪೈಪಿನ ಬಾಯಿ 30 ಪಟ್ಟು ಕಿರಿದು. ಹಾಗಾದರೆ ಗಾಳಿಯ ವೇಗ ಸೆಕೆಂಡಿಗೆ ಬರೀ 2 ಮೀಟರ್. ಪೈಪನ್ನು 2 ಇಂಚಿಗೆ ಇಳಿಸಿದರೆ ವೇಗ ನಾಲ್ಕು ಪಟ್ಟಾಗುತ್ತದೆ. ಗಾಳಿಯ ಶಕ್ತಿ ವೇಗದ ಘನದಂತೆ ಏರುವುದರಿಂದ, ಬಾಯಿ ಚಿಕ್ಕದಾದದ್ದನ್ನು ಲೆಕ್ಕಕ್ಕೆ ಹಿಡಿದರೂ ಫ್ಯಾನಿಗೆ ಸಿಗುವ ಶಕ್ತಿ 16 ಪಟ್ಟು ಜಾಸ್ತಿ. ಪೈಪು ಬದಲಿಸಿದೆವು.

ಈಗ ಫ್ಯಾನು ತಿರುಗಿತು, ಆದರೆ ತೆರೆ ಏರಿದಾಗ ಒಂದು ಕಡೆಗೆ, ಇಳಿದಾಗ ಇನ್ನೊಂದು ಕಡೆಗೆ. ವೇಗ ಹಿಡಿಯುವಷ್ಟರಲ್ಲಿ ನಿಂತು ಹಿಂದಕ್ಕೆ ತಿರುಗುತ್ತಿತ್ತು. ವಿಳಿಂಜಂನಲ್ಲಿ ಇದಕ್ಕೆ ವೆಲ್ಸ್ ಟರ್ಬೈನ್ ಇತ್ತು. ಗಾಳಿ ಯಾವ ಕಡೆಯಿಂದ ಬಂದರೂ ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಇಷ್ಟು ಚಿಕ್ಕ ಅಳತೆಯಲ್ಲಿ ಅಂಥದ್ದನ್ನು ಮಾಡುವುದು ನಮ್ಮ ಕೈಲಾಗದು. ಡ್ರಮ್ಮಿನ ಮೇಲ್ಭಾಗದಲ್ಲಿ ಇನ್ನೊಂದು ತೂತು ಕೊರೆದು, ಒಳಗಡೆಯಿಂದ ಸೈಕಲ್ ಟ್ಯೂಬಿನ ರಬ್ಬರ್ ತುಂಡನ್ನು ಬಾಗಿಲಿನಂತೆ ಅಂಟಿಸಿದೆವು. ನೀರು ಇಳಿಯುವಾಗ ಅದು ತೆರೆದುಕೊಂಡು ಗಾಳಿಯನ್ನು ಒಳಗೆ ಬಿಡುತ್ತದೆ. ಏರುವಾಗ ಮುಚ್ಚಿಕೊಳ್ಳುತ್ತದೆ, ಗಾಳಿಯೆಲ್ಲ ಫ್ಯಾನಿನ ದಾರಿಯಲ್ಲೇ ಹೋಗಬೇಕು. ಅರ್ಧ ಉಸಿರು ಸುಮ್ನೆ ಹೋಗುತ್ತದೆ ನಿಜ, ಆದರೆ ಫ್ಯಾನು ಹಿಂದಕ್ಕೆ ತಿರುಗುವುದು ನಿಂತಿತು.

ಭರತ ಇಳಿತದ ತೊಂದರೆ ಬಿಡಿಸಿದವರು ಅಲ್ಲೇ ಬಲೆ ಹೆಣೆಯುತ್ತಿದ್ದ ಹಿರಿಯ ಮೀನುಗಾರರೊಬ್ಬರು. ನಾವು ಅಮಾವಾಸ್ಯೆಯ ಮರುದಿನ ಹೋಗಿದ್ದೆವು. ಬೆಳಿಗ್ಗೆ ಡ್ರಮ್ ಪೂರ್ತಿ ಮುಳುಗಿತು, ಮಧ್ಯಾಹ್ನ ನೀರೇ ಮುಟ್ಟದೆ ನೇತಾಡಿತು. "ಮೇಷ್ಟ್ರೇ, ಅಷ್ಟಮಿ ದಿನ ಬನ್ನಿ, ನೀರು ಅಷ್ಟು ಏರಿಳಿಯೋದಿಲ್ಲ" ಎಂದರು. ಅರ್ಧ ಚಂದ್ರನಿದ್ದಾಗ ಸೂರ್ಯ ಚಂದ್ರರ ಸೆಳೆತ ಅಡ್ಡಡ್ಡ ಇರುತ್ತದೆ ಎಂದು ನಾನು ಹತ್ತು ವರ್ಷ ಪಾಠ ಮಾಡಿದ್ದೆ. ಅಷ್ಟಮಿಗೆ ಹೋಗಬೇಕು ಎನ್ನುವುದು ಹೊಳೆದಿರಲಿಲ್ಲ. ಹಗ್ಗದ ಗಂಟುಗಳನ್ನೂ ಅವರೇ ಹಾಕಿಕೊಟ್ಟರು. ನಾವು ಹಾಕಿದ್ದು ಎರಡು ಸಲ ಬಿಚ್ಚಿಹೋಗಿತ್ತು.

ಅಷ್ಟಮಿಯ ಸಂಜೆ ಕೆಂಪು ಎಲ್‌ಇಡಿ ಮಿನುಗಿತು. ಪ್ರತಿ ತೆರೆಗೆ ಒಮ್ಮೆ. ಮಕ್ಕಳು ಕೂಗಾಡಲಿಲ್ಲ, ಮುಂದಿನ ತೆರೆಗಾಗಿ ಉಸಿರು ಹಿಡಿದು ಕಾಯುತ್ತಿದ್ದರು. ನನಗೆ ಗಂಟಲು ಕಟ್ಟಿತ್ತು.

ನಾಲ್ಕನೇ ದಿನಕ್ಕೆ ಮೋಟಾರು ಉಪ್ಪು ಹಿಡಿದು ಜಾಮ್ ಆಯಿತು. ಮಾಡುವವರು ಇದ್ದರೆ ಮೊದಲೇ ಹೇಳಿಬಿಡುತ್ತೇನೆ: ಮೋಟಾರನ್ನು ಗ್ರೀಸ್ ತುಂಬಿದ ಡಬ್ಬಿಯೊಳಗಿಡಿ, ಶಾಫ್ಟ್ ಮಾತ್ರ ಹೊರಗಿರಲಿ. ಮಳೆಗಾಲದಲ್ಲಿ ಮಾತ್ರ ಖಂಡಿತ ಬೇಡ. ತೆರೆಯ ಶಕ್ತಿ ಎತ್ತರದ ವರ್ಗದಂತೆ ಏರುತ್ತದೆ. ಅರ್ಧ ಮೀಟರಿನ ತೆರೆಗಿಂತ 3 ಮೀಟರಿನದಕ್ಕೆ 36 ಪಟ್ಟು ಬಲ. ಡ್ರಮ್ಮೂ ಉಳಿಯುವುದಿಲ್ಲ, ಹತ್ತಿರ ನಿಂತವರಿಗೂ ಅಪಾಯ.

ದೀಪ ನೋಡಿದ ಆ ಹಿರಿಯರು ಕೇಳಿದರು: "ಇದನ್ನ ಬಲೆಯ ಬೆಂಡಿಗೆ ಕಟ್ಟಬಹುದಾ? ರಾತ್ರಿ ಹುಡುಕೋಕೆ ಕಷ್ಟ." ಜಪಾನಿನ ಯೋಶಿಯೊ ಮಸುದಾ ಹಡಗುಗಳಿಗೆ ದಾರಿ ತೋರುವ ತೇಲುದೀಪಗಳನ್ನು ಹೀಗೇ ಉರಿಸಿದ್ದರು. ತೇಲುವುದಾದರೆ ಡ್ರಮ್ ಆಗದು. ಉದ್ದನೆಯ ಪೈಪು ಬೇಕು. ಕೆಳಗೆ ಹೋದಂತೆ ನೀರಿನ ಅಲುಗಾಟ ಕಡಿಮೆ, ಹಾಗಾಗಿ ಬೆಂಡು ಕುಣಿದರೂ ಪೈಪಿನೊಳಗಿನ ನೀರು ಹೆಚ್ಚು ಅಲುಗದೆ ನಿಲ್ಲುತ್ತದೆ. 3 ಮೀಟರಿನ ಪಿವಿಸಿ ಪೈಪು ತಂದಿಟ್ಟಿದ್ದೇವೆ. ಬೆಂಡು ಅವರೇ ಕೊಟ್ಟಿದ್ದಾರೆ.