ಗಾರೆ ಬಳಿಯುವ ಮೊದಲೇ ಕೇಬಲ್ ಎಳೆದೆ

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಅಜ್ಜನ ಮನೆಯ ಗೋಡೆಗಳು ಶಹಾಬಾದ್ ಕಲ್ಲಿನವು, ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ತಂಪು ಕೊಡುವ ಆ ಕಲ್ಲೇ ವೈಫೈಗೆ ಅಡ್ಡಿಯಾಗಿತ್ತು. ಪಡಸಾಲೆಯ ರೂಟರ್‌ ಸಿಗ್ನಲ್ ಒಳಕೋಣೆಗೆ ಮುಟ್ಟುತ್ತಿರಲಿಲ್ಲ, ಮೇಲಿನ ಟಿವಿ ನಿಂತು ನಿಂತು ಓಡುತ್ತಿತ್ತು. ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ಎರಡು ರಿಪೀಟರ್ ತಂದರೂ ಫಲವಿರಲಿಲ್ಲ.

ನವೀಕರಣಕ್ಕೆಂದು ಗಾರೆ ಕಿತ್ತಾಗ ಅವಕಾಶ ಬಿಡಲಿಲ್ಲ. ಮೆಟ್ಟಿಲಡಿಯ ಕಪಾಟಿನಿಂದ ಪ್ರತಿ ಕೋಣೆಗೂ 25 ಮಿ.ಮೀ. ಪೈಪ್ ಹಾಕಿಸಿ, ಇಂಟರ್ನೆಟ್ ಒಯ್ಯುವ ಕ್ಯಾಟ್ 6 ಕೇಬಲ್ ಎರಡೆರಡು ಎಳೆಸಿದೆ. ವೈಫೈ ಹರಡುವ ಛಾವಣಿಯ ಆಕ್ಸೆಸ್ ಪಾಯಿಂಟ್‌ಗಳಿಗೆ ವಿದ್ಯುತ್ತೂ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ಟಿವಿಯ ತೊಂದರೆ ಅಂದೇ ಮುಗಿಯಿತು.

ಕಾಡಿದ್ದು ಸ್ಪೀಕರಿನ ಗುಂಯ್ಗುಡುವ ಸದ್ದು. ಎಲೆಕ್ಟ್ರಿಷಿಯನ್ ಆಡಿಯೊ ಕೇಬಲನ್ನು 230 ವೋಲ್ಟಿನ ತಂತಿಗಳ ಪೈಪಿನಲ್ಲೇ ಸೇರಿಸಿದ್ದರು. ಇದು ಸುರಕ್ಷತೆಯ ದೃಷ್ಟಿಯಿಂದಲೂ ತಪ್ಪು. ಬೇರೆ ಪೈಪಿನಲ್ಲಿ ಒಂದಡಿ ದೂರದಿಂದ ಒಯ್ದು, ದಾಟಲೇಬೇಕಾದ ಕಡೆ ಲಂಬಕೋನದಲ್ಲಿ ದಾಟಿಸಿದೆ. ಸದ್ದು ನಿಂತಿತು.

ಸ್ವಿಚ್ ಪೆಟ್ಟಿಗೆಗಳಿಗೆ ಕರೆಂಟ್ ಮರಳುವ ನ್ಯೂಟ್ರಲ್ ತಂತಿಯನ್ನೂ ತರಿಸಿದೆ. ಮೊಬೈಲಿನಿಂದ ನಡೆಸುವ ಹೆಚ್ಚಿನ ಸ್ಮಾರ್ಟ್ ಸ್ವಿಚ್‌ಗಳಿಗೆ ಅದು ಬೇಕೇ ಬೇಕು. ಪೈಪುಗಳು ಎಲ್ಲಿವೆಯೆಂದು ಮುಂದೆ ತಿಳಿಯಲೆಂದು ಗಾರೆ ಬಳಿಯುವ ಮುನ್ನ ಅಳತೆ ಟೇಪು ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದೆ. ರೂಟರನ್ನು ಇನ್ವರ್ಟರ್‌ಗೆ ಜೋಡಿಸಿದ್ದೇನೆ. ಈಗ ಕರೆಂಟ್ ಹೋದರೂ ಅಡುಗೆಮನೆಯಲ್ಲಿ ಅಮ್ಮನ ಮೊಬೈಲಿನಿಂದ ವಚನಗಾಯನ ಕೇಳಿಬರುತ್ತಲೇ ಇರುತ್ತದೆ.