ಹೆಬ್ಬಾವಿನ ಟಬ್‌ನಿಂದ ಮೊಟ್ಟೆಯ ಡಬ್ಬದವರೆಗೆ: ನಾನು ಪಾಲಿಸುವ ಬಿಸಿಯ ಅಳತೆಗಳು

ಬಾಲ್ ಪೈಥಾನ್ (ಆಫ್ರಿಕಾದ ಚಿಕ್ಕ ಜಾತಿಯ ಹೆಬ್ಬಾವು) ಸಾಕಲು ಹೊರಟವರು ಮೊದಲು ಕೇಳುವ ಪ್ರಶ್ನೆ, ಎಷ್ಟು ಡಿಗ್ರಿ ಇಡಬೇಕು ಎಂಬುದು. ಅಂಕಿ ಹೇಳುವುದು ಸುಲಭ. ಹಾವು ಇರುವ ಪ್ಲಾಸ್ಟಿಕ್ ಟಬ್‌ನ ಬಿಸಿ ಬದಿಯ ನೆಲ 31ರಿಂದ 32, ತಂಪು ಬದಿ 25ರಿಂದ 27, ರಾತ್ರಿಯೂ 24ಕ್ಕಿಂತ ಕೆಳಗಿಳಿಯಬಾರದು. (ಇಲ್ಲಿ ಬರುವ ಡಿಗ್ರಿಗಳೆಲ್ಲ ಸೆಲ್ಸಿಯಸ್.) ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡವರ ಮನೆಯಲ್ಲೂ ಹಾವಿನ ಹೊಟ್ಟೆ ಸುಡುತ್ತದೆ, ಮೊಟ್ಟೆ ಕೆಡುತ್ತದೆ. ಹೀಟರನ್ನು ತಾನಾಗಿ ಹಾಕಿ ಆರಿಸುವ ಥರ್ಮೋಸ್ಟಾಟ್‌ಗೆ ಗೊತ್ತಿರುವುದು ತನ್ನ ಪ್ರೋಬ್ (ವೈರಿನ ತುದಿಯಲ್ಲಿರುವ, ಬಿಸಿ ಅಳೆಯುವ ಮೊನೆ) ಕೂತ ಜಾಗದ ಬಿಸಿ ಮಾತ್ರ. ಹಾವು ಮಲಗಿದ ಜಾಗದ ಬಿಸಿ ಬೇರೆಯೇ ಇರುತ್ತದೆ. ಆ ಎರಡರ ನಡುವಿನ ವ್ಯತ್ಯಾಸವನ್ನು ಅಳೆದು ತಿಳಿದುಕೊಳ್ಳುವುದೇ ನನ್ನ ಪ್ರಕಾರ ಈ ಕೆಲಸದ ಮುಕ್ಕಾಲು ಪಾಲು.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ತಂಪಿನ ಕಡೆಗೆ ಆದ ತಪ್ಪನ್ನು ಸರಿಪಡಿಸಲು ದಿನಗಟ್ಟಲೆ ಸಮಯವಿರುತ್ತದೆ, ಬಿಸಿಯ ಕಡೆಗೆ ಆದ ತಪ್ಪಿಗೆ ಅಷ್ಟು ಸಮಯವಿಲ್ಲ. ಹೊಟ್ಟೆ ಖಾಲಿಯಿರುವ, ಆರೋಗ್ಯವಾಗಿರುವ ದೊಡ್ಡ ಹಾವು ಒಂದು ರಾತ್ರಿ 21 ಡಿಗ್ರಿಯಲ್ಲಿ ಕಳೆದರೆ ಬೆಳಿಗ್ಗೆ ಮಂಕಾಗಿರುತ್ತದೆ, ಅಷ್ಟೇ. ಸರಿದುಕೊಳ್ಳಲು ತಂಪು ಮೂಲೆಯೇ ಇಲ್ಲದೆ ಇಡೀ ಟಬ್ 38 ದಾಟಿದರೆ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಆದ್ದರಿಂದ ಸಂಶಯ ಬಂದಾಗಲೆಲ್ಲ ನಾನು ಅರ್ಧ ಡಿಗ್ರಿ ತಂಪಿನ ಕಡೆಗೇ ವಾಲುತ್ತೇನೆ.

ಹೀಟ್ ಮ್ಯಾಟ್ (ಕರೆಂಟಿನಿಂದ ಕಾಯುವ ತೆಳು ಹಾಳೆ) ಟಬ್‌ನ ತಳದ ಮೂರನೇ ಒಂದು ಭಾಗವನ್ನು ಮಾತ್ರ ಮುಚ್ಚಬೇಕು. ಅರ್ಧಕ್ಕಿಂತ ಹೆಚ್ಚು ಹಬ್ಬಿದರೆ ತಂಪು ಬದಿ ಎನ್ನುವುದೇ ಉಳಿಯುವುದಿಲ್ಲ. ಮ್ಯಾಟನ್ನು ಟಬ್‌ನ ಹೊರಗೆ, ಅಡಿಯಲ್ಲಿ ಇಡುತ್ತೇನೆ. ಟಬ್‌ನ ನಾಲ್ಕು ಮೂಲೆಗೂ ಚಿಕ್ಕ ಕಾಲು ಕೊಟ್ಟು ಕೆಳಗೆ ಗಾಳಿಯಾಡಲು ಬಿಡುತ್ತೇನೆ. ನೇರವಾಗಿ ಮೇಜಿನ ಮೇಲೆ ಒತ್ತಿ ಕೂತರೆ ಬಿಸಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಪ್ರೋಬ್ ಹೋಗುವುದು ಮ್ಯಾಟ್ ಮತ್ತು ಟಬ್‌ನ ತಳದ ನಡುವೆ, ಮ್ಯಾಟ್‌ನ ಸರಿಯಾಗಿ ಮಧ್ಯದಲ್ಲಿ. ಅಲ್ಯೂಮಿನಿಯಂ ಟೇಪ್‌ನಿಂದ ಎರಡು ಕಡೆ ಬಿಗಿದು, ಒಂದು ಗೇಣು ದೂರದಲ್ಲಿ ವೈರನ್ನು ಮತ್ತೊಮ್ಮೆ ಅಂಟಿಸುತ್ತೇನೆ. ಟಬ್ ಎಳೆದಾಗ ಜಗ್ಗುವುದು ಆ ಮೂರನೇ ಟೇಪನ್ನೇ ಹೊರತು ಪ್ರೋಬನ್ನಲ್ಲ. ಪ್ರೋಬ್ ಜಾರಿ ಹೊರಗೆ ನೇತಾಡಿದರೆ ಥರ್ಮೋಸ್ಟಾಟ್ ಕೋಣೆಯ ಗಾಳಿಯನ್ನು ಅಳೆದು 'ಇನ್ನೂ ತಣ್ಣಗಿದೆ' ಎಂದು ಮ್ಯಾಟನ್ನು ಉರಿಸುತ್ತಲೇ ಇರುತ್ತದೆ. ನಿಯಂತ್ರಣ ತಪ್ಪಿದ ಮ್ಯಾಟ್ 50 ಡಿಗ್ರಿ ಮುಟ್ಟುವುದು ಅಪರೂಪವೇನಲ್ಲ. ಟಬ್‌ನ ಒಳಗೆ ಮಾತ್ರ ಯಾವ ಟೇಪನ್ನೂ ಬಳಸಬೇಡಿ. ಅಂಟಿಗೆ ಮೈ ತಗುಲಿದರೆ ಬಿಡಿಸುವಾಗ ಚರ್ಮ ಕಿತ್ತುಬರುತ್ತದೆ.

ಪ್ರೋಬ್ ಹೊರಗಿರುವುದರಿಂದ ಅಲ್ಲಿಯ ಅಂಕಿಗೂ ಒಳಗಿನ ನೆಲಕ್ಕೂ ವ್ಯತ್ಯಾಸವಿರುತ್ತದೆ. ನನ್ನ ಟಬ್‌ಗಳಲ್ಲಿ ಒಳಗೆ 32 ಬೇಕೆಂದರೆ ಹೊರಗೆ 34ರ ಸುಮಾರಿಗೆ ಹೊಂದಿಸಬೇಕಾಗುತ್ತದೆ. ಪ್ಲಾಸ್ಟಿಕ್ಕಿನ ದಪ್ಪ ಬೇರೆಯಾದರೆ ಈ ಲೆಕ್ಕವೂ ಬೇರೆ, ಹಾಗಾಗಿ ನನ್ನ ಅಂಕಿಯನ್ನು ನಕಲು ಮಾಡಬೇಡಿ. ಹಾವು ಬಿಡುವ ಮೊದಲು ಖಾಲಿ ಟಬ್ಬನ್ನು ಪೂರ್ತಿ ಒಂದು ದಿನ ಓಡಿಸಿ, ಮಧ್ಯಾಹ್ನದ ಸೆಕೆಯಲ್ಲೊಮ್ಮೆ, ನಸುಕಿನ ಚಳಿಯಲ್ಲೊಮ್ಮೆ ಒಳಗಿನ ನೆಲವನ್ನು ಅಳೆಯಿರಿ. ನೆಲಕ್ಕೆ ಹರಡಿದ ಹಾಸನ್ನು ಬಗೆದು, ಪ್ಲಾಸ್ಟಿಕ್ ನೆಲದ ಮೇಲೇ ಅಳೆಯಬೇಕು. ಹಾಸು ದಪ್ಪಗಿದ್ದರೆ ಮೇಲೆ 30 ತೋರಿಸುವಾಗ ಕೆಳಗೆ 37 ಇರಬಹುದು, ಹಾವು ಬಗೆದು ಇಳಿದು ಅದರ ಮೇಲೆಯೇ ಸುರುಳಿ ಹಾಕುತ್ತದೆ. ಹೊಟ್ಟೆ ಸುಡುವಾಗ ತಾನಾಗಿ ಏಳುತ್ತದೆ ಎಂದು ನಂಬಿ ಕೂರಬೇಡಿ, ಎಷ್ಟೋ ಹಾವುಗಳು ಏಳುವುದಿಲ್ಲ. ಮೊದಲ ಗುರುತು ಹೊಟ್ಟೆಯ ಹುರುಪೆಗಳು ನಸುಗೆಂಪಾಗುವುದು; ಆಮೇಲೆ ನೀರು ತುಂಬಿದ ಗುಳ್ಳೆ. ಬಿಸಿ ಬದಿಯಲ್ಲಿ ನಾನು ಹಾಸನ್ನು ಒಂದು ಸೆಂಟಿಮೀಟರಿಗಿಂತ ದಪ್ಪ ಹಾಕುವುದಿಲ್ಲ.

ಮ್ಯಾಟ್‌ಗೆ ಸಾದಾ ಆನ್-ಆಫ್ ಥರ್ಮೋಸ್ಟಾಟ್ ಸಾಕು. ಸೆರಾಮಿಕ್ ಹೀಟರ್‌ಗೆ (ಬೆಳಕಿಲ್ಲದೆ ಬಿಸಿ ಕೊಡುವ ಪಿಂಗಾಣಿ ಬಲ್ಬು) ಕರೆಂಟನ್ನು ತುಣುಕುತುಣುಕಾಗಿ ಕೊಡುವ ಪಲ್ಸ್ ಬಗೆಯದು, ಬೆಳಕಿನ ಬಲ್ಬಿಗೆ ಕರೆಂಟನ್ನು ಮೆಲ್ಲಗೆ ಏರಿಸಿ ಇಳಿಸುವ ಡಿಮ್ಮಿಂಗ್ ಬಗೆಯದು ಬೇಕು. ಸೆರಾಮಿಕ್ಕಿನ ಮೈ 200 ಡಿಗ್ರಿಯನ್ನೂ ದಾಟುವುದರಿಂದ ತಂತಿಬಲೆಯ ಪಂಜರವಿಲ್ಲದೆ ಅದನ್ನು ಹಾಕುವಂತೆಯೇ ಇಲ್ಲ. ಥರ್ಮೋಸ್ಟಾಟ್ ಕೆಡುವ ಬಗೆಯನ್ನೂ ತಿಳಿದಿರಬೇಕು: ಆನ್-ಆಫ್ ಸಾಧನದ ರಿಲೇ (ಒಳಗಿನ ಸ್ವಿಚ್) ಅಂಟಿಕೊಂಡರೆ ಅದು 'ಆನ್'ನಲ್ಲೇ ನಿಂತುಬಿಡುತ್ತದೆ. ಇದಕ್ಕೆ ನಾನು ಮಾಡಿಕೊಂಡಿರುವ ಏರ್ಪಾಟು ಎರಡನೆಯ ಥರ್ಮೋಸ್ಟಾಟ್. ಗೋಡೆಯ ಪ್ಲಗ್‌ನಿಂದ ಮೊದಲು ಒಂದು ಆನ್-ಆಫ್ ಸಾಧನ, ಅದಕ್ಕೆ ಮುಖ್ಯ ಥರ್ಮೋಸ್ಟಾಟ್, ಅದಕ್ಕೆ ಮ್ಯಾಟ್. ಮುಖ್ಯದ್ದು 34ಕ್ಕಿದ್ದರೆ ಕಾವಲಿನದು 36ಕ್ಕೆ, ಎರಡಕ್ಕೂ ಬೇರೆ ಬೇರೆ ಪ್ರೋಬ್. ಮುಖ್ಯದ್ದು ಪಲ್ಸ್ ಅಥವಾ ಡಿಮ್ಮಿಂಗ್ ಬಗೆಯದಾದಾಗ ಈ ಅನುಕ್ರಮವನ್ನು ತಿರುಗಿಸಬಾರದು, ಅದು ಕತ್ತರಿಸಿ ಕೊಡುವ ಕರೆಂಟಿನಲ್ಲಿ ಕಾವಲಿನ ಸಾಧನ ಸರಿಯಾಗಿ ಕೆಲಸ ಮಾಡುವುದಿಲ್ಲ.

ಅಳೆಯುವ ಉಪಕರಣವೇ ಸುಳ್ಳು ಹೇಳಿದರೆ ಇದೆಲ್ಲ ವ್ಯರ್ಥ. ಜಜ್ಜಿದ ಮಂಜುಗಡ್ಡೆಯನ್ನು ಲೋಟದ ತುಂಬ ಹಾಕಿ, ಸಂದು ತುಂಬುವಷ್ಟು ನೀರು ಸುರಿದು, ಪ್ರೋಬ್ ಮುಳುಗಿಸಿ ಕಲಕುತ್ತಾ ಎರಡು ನಿಮಿಷ ಬಿಟ್ಟರೆ 0 ತೋರಿಸಬೇಕು. ನಮಗೆ ಬೇಕಾದ ಅಳತೆ 30ರ ಆಚೀಚೆ ಇರುವುದರಿಂದ ಅಷ್ಟಕ್ಕೇ ನಿಲ್ಲದೆ, ಉಗುರುಬೆಚ್ಚನೆಯ ನೀರಿನಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಪ್ರೋಬನ್ನೂ ಒಟ್ಟಿಗೆ ಹಿಡಿದು 36ರ ಸುಮಾರಿನಲ್ಲಿ ತಾಳೆ ನೋಡುತ್ತೇನೆ. ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಉಪಕರಣಕ್ಕೇ ಅಂಟಿಸುವುದು ಒಳ್ಳೆಯದು. ಇನ್‌ಫ್ರಾರೆಡ್ ಗನ್ ಅಳೆಯುವುದು ಮೇಲ್ಮೈಯನ್ನು ಮಾತ್ರ. ಗಾಜಿನ ಹೊರಗಿನಿಂದ ಒತ್ತಿದರೆ ಗಾಜಿನದೇ ಬಿಸಿ ಬರುತ್ತದೆ, ಹೊಳೆಯುವ ಲೋಹದ ಮೇಲಂತೂ ಅದನ್ನು ನಂಬುವಂತಿಲ್ಲ.

ಬಿಸಿ ಏರಿಸಿದರೆ ತೇವಾಂಶ ಇಳಿಯುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. 25 ಡಿಗ್ರಿಯಲ್ಲಿ ಶೇ 60 ತೇವವಿರುವ ಗಾಳಿಯನ್ನು, ನೀರು ಸೇರಿಸದೆ 32ಕ್ಕೆ ಕಾಯಿಸಿದರೆ ಅದು ಶೇ 40ಕ್ಕೆ ಬರುತ್ತದೆ. ಪೊರೆ ತುಂಡುತುಂಡಾಗಿ ಬರಲು, ಕಣ್ಣಿನ ಮೇಲೆ ಪೊರೆ ಉಳಿಯಲು ಇದೇ ಕಾರಣ. ನಾನು ಶೇ 60ರ ಆಸುಪಾಸು ಇಡುತ್ತೇನೆ, ಪೊರೆ ಬಿಡುವ ಮೊದಲು ಕಣ್ಣು ನೀಲಿಗಟ್ಟಿದ ಮೇಲೆ 70ಕ್ಕೆ ಏರಿಸುತ್ತೇನೆ. ತೇವ ಹೆಚ್ಚಿಸಿ ಬಿಸಿ ಇಳಿಸುವುದು ಮಾತ್ರ ಬೇಡ. ತಣ್ಣನೆಯ ಒದ್ದೆ ಗೂಡಿನಲ್ಲಿ ಹಾವಿಗೆ ಶ್ವಾಸಕೋಶದ ಸೋಂಕು ತಗಲುತ್ತದೆ: ಉಸಿರಿನಲ್ಲಿ ಸಿಳ್ಳೆ, ಬಾಯಂಚಿನಲ್ಲಿ ಗುಳ್ಳೆಗುಳ್ಳೆ ಜೊಲ್ಲು, ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುವುದು. ಆ ಹಂತದಲ್ಲಿ ಬಿಸಿ ಸರಿಪಡಿಸಿದರೆ ಸಾಲದು, ಸರೀಸೃಪ ಬಲ್ಲ ಪಶುವೈದ್ಯರ ಬಳಿ ಒಯ್ಯಬೇಕು.

ಉಪಕರಣದಷ್ಟೇ ನಿಜ ಹೇಳುವುದು ಹಾವು ಮಲಗುವ ಜಾಗ. ಸದಾ ತಂಪು ಮೂಲೆಗೆ ಒತ್ತಿಕೊಂಡಿದ್ದರೆ ಬಿಸಿ ಹೆಚ್ಚಾಗಿದೆ, ಬಿಸಿ ಬದಿ ಬಿಟ್ಟು ಕದಲದಿದ್ದರೆ ಟಬ್ ಒಟ್ಟಾರೆ ತಣ್ಣಗಿದೆ. ನೀರಿನ ಬಟ್ಟಲಲ್ಲೇ ದಿನಗಟ್ಟಲೆ ಕೂತರೆ ಬಿಸಿಯ ಜೊತೆಗೆ ಮೈಗೆ ಹತ್ತುವ ಉಣ್ಣೆಹುಳುವನ್ನೂ ಅನುಮಾನಿಸಿ. ಆದರೆ ಈ ಗುರುತುಗಳು ಸರಿಯಾಗಿ ಸಿಗಬೇಕಾದರೆ ಎರಡೂ ಬದಿಯಲ್ಲಿ ಒಂದೇ ಅಳತೆಯ, ಮೈಗೆ ಬಿಗಿಯಾಗುವ ಅಡಗುಗೂಡು ಇರಬೇಕು. ಒಂದೇ ಕಡೆ ಇಟ್ಟರೆ ಪುಕ್ಕಲು ಸ್ವಭಾವದ ಈ ಹಾವು ಬೇಕಾದ ಬಿಸಿಯನ್ನು ಬಿಟ್ಟು ಮರೆಯನ್ನೇ ಆರಿಸಿಕೊಳ್ಳುತ್ತದೆ.

ಇಲಿ ನುಂಗಿದ ನಂತರದ ನಾಲ್ಕು ದಿನ ಬಿಸಿ ಬದಿ ಇಳಿಯದಂತೆ ನೋಡಿಕೊಳ್ಳುತ್ತೇನೆ. ಮೈ ತಣ್ಣಗಾದರೆ ಇಲಿ ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ, ಹಾವು ಕಕ್ಕುತ್ತದೆ. ಕಕ್ಕಿದರೆ ಎರಡು ವಾರ ಉಪವಾಸ, ಆಮೇಲೆ ಎಂದಿನ ಅರ್ಧ ಗಾತ್ರದ ಇಲಿ.

ಮರಿ ಮಾಡಿಸುವಾಗ ಹೆಣ್ಣಿನ ತೂಕ 1500 ಗ್ರಾಂ, ಗಂಡಿನದು 700 ಗ್ರಾಂ ದಾಟುವವರೆಗೆ ಜೋಡಿ ಬಿಡುವುದಿಲ್ಲ. ಕೂಡುವ ಕಾಲಕ್ಕೆ ಇಡೀ ಕೋಣೆಯನ್ನು 21ಕ್ಕೆ ಇಳಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಲಾಭಕ್ಕಿಂತ ಸೋಂಕಿನ ಅಪಾಯ ದೊಡ್ಡದು. ಬಿಸಿ ಬದಿಯನ್ನು 31ರಲ್ಲೇ ಬಿಟ್ಟು, ತಂಪು ಬದಿಯನ್ನು ರಾತ್ರಿ ಮಾತ್ರ 24ಕ್ಕೆ ಇಳಿಸಿ, ಆರರಿಂದ ಎಂಟು ವಾರ ಹಾಗೆ ನಡೆಸಿದರೆ ಸಾಕು. ಜೋಡಿಯನ್ನು ಎರಡು-ಮೂರು ದಿನ ಒಟ್ಟಿಗಿಟ್ಟು ಬೇರ್ಪಡಿಸಿ, ಎರಡು ವಾರ ಬಿಟ್ಟು ಮತ್ತೆ ಸೇರಿಸುತ್ತೇನೆ.

ಹೊಟ್ಟೆಯೊಳಗೆ ಅಂಡಗಳು ಬೆಳೆಯುತ್ತಿರುವ ಹೆಣ್ಣು ತಂಪನ್ನೇ ಹುಡುಕುತ್ತದೆ, ನೀರಿನ ಬಟ್ಟಲಿಗೆ ಮೈ ಸುತ್ತಿಕೊಂಡು ಮಲಗುತ್ತದೆ. ಇದನ್ನು ಕಾಯಿಲೆಯೆಂದು ತಿಳಿದು ಬಿಸಿ ಏರಿಸಬೇಡಿ. ಒಂದು ದಿನ ಮೈಯ ನಡುಭಾಗ ದೊಡ್ಡ ಇಲಿ ನುಂಗಿದಂತೆ ಊದಿ, ಹೆಚ್ಚೆಂದರೆ ಮರುದಿನಕ್ಕೆ ಇಳಿದಿರುತ್ತದೆ. ಅಂಡ ಬಿಡುಗಡೆಯಾಯಿತೆಂದು ಅರ್ಥ. ಅಲ್ಲಿಗೆ ಜೋಡಿ ಸೇರಿಸುವುದನ್ನೂ ರಾತ್ರಿ ತಂಪನ್ನೂ ನಿಲ್ಲಿಸುತ್ತೇನೆ. ಈಗ ಅದೇ ಹೆಣ್ಣು ಬಿಸಿ ಬದಿಗೆ ಬಂದು ಹೊಟ್ಟೆಯನ್ನು ಪಕ್ಕಕ್ಕೋ ಮೇಲಕ್ಕೋ ತಿರುಗಿಸಿ ಮಲಗುತ್ತದೆ. ಎಷ್ಟೇ ಬಿಸಿ ಬೇಡಿದರೂ 32 ದಾಟಿಸುವುದಿಲ್ಲ. ಎರಡು-ಮೂರು ವಾರದಲ್ಲಿ ಪೊರೆ ಬಿಡುತ್ತದೆ, ಆ ದಿನದಿಂದ ಸುಮಾರು 30 ದಿನಕ್ಕೆ ಮೊಟ್ಟೆ.

ತಾಯಿಯೇ ಕಾವು ಕೊಡಲಿ ಎನ್ನುವವರಿಗೆ ಒಂದು ಮಾತು. ಬರ್ಮೀಸ್ ಹೆಬ್ಬಾವು ಸ್ನಾಯುಗಳನ್ನು ಅದುರಿಸಿ ಮೊಟ್ಟೆಗಳನ್ನು ಸುತ್ತಲಿನ ಗಾಳಿಗಿಂತ ಬೆಚ್ಚಗಿಡಬಲ್ಲದು. ಬಾಲ್ ಪೈಥಾನಿಗೆ ಆ ಶಕ್ತಿಯಿಲ್ಲ. ಅದರ ಸುರುಳಿ ಮುಖ್ಯವಾಗಿ ಮೊಟ್ಟೆಯ ತೇವ ಆರದಂತೆ ಕಾಯುತ್ತದೆ. ಬಿಸಿಯನ್ನು ನಾವೇ ಕೊಡಬೇಕು.

ನಾನು ಇನ್‌ಕ್ಯುಬೇಟರನ್ನು (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ) 31.5ಕ್ಕೆ ಇಡುತ್ತೇನೆ, ಮೊಟ್ಟೆ ಬರುವ ಒಂದು ವಾರ ಮೊದಲೇ ಖಾಲಿ ಓಡಿಸುತ್ತೇನೆ. ತಳದಲ್ಲಿ ನೀರು ತುಂಬಿದ ಬಾಟಲಿಗಳನ್ನು ಸಾಲಾಗಿಟ್ಟರೆ ಬಾಗಿಲು ತೆರೆದಾಗ ಬಿಸಿ ಥಟ್ಟನೆ ಬೀಳುವುದಿಲ್ಲ. ಅದರೊಳಗೆ ಮೊಟ್ಟೆ ಇಡುವ ಡಬ್ಬದಲ್ಲಿ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಚೂರು), ಅದರಷ್ಟೇ ತೂಕದ ನೀರು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಅದೇ ಬದಿ ಮೇಲಿರುವಂತೆ ಇಡಬೇಕು. ಭ್ರೂಣ ಅಂಟಿಕೊಂಡ ಮೇಲೆ ತಿರುಗಿಸಿದರೆ ಸಾಯುತ್ತದೆ. ಒಂದಕ್ಕೊಂದು ಅಂಟಿದ ಮೊಟ್ಟೆಗಳನ್ನು ಬಿಡಿಸಲು ಹೋಗುವುದಿಲ್ಲ. ಥರ್ಮಾಮೀಟರಿನ ಪ್ರೋಬ್ ಡಬ್ಬದ ಒಳಗೆ, ಮೊಟ್ಟೆಗಳ ಎತ್ತರದಲ್ಲೇ ಇರಬೇಕು.

31.5ರಲ್ಲಿ ಮರಿ ಹೊರಬರಲು 55ರಿಂದ 60 ದಿನ. 29-30ರಲ್ಲಿ ಹತ್ತು ದಿನ ತಡವಾಗುತ್ತದೆ. 33 ದಾಟಿದರೆ ಬೆನ್ನು ಸೊಟ್ಟಗಿರುವ ಮರಿಗಳು, ಪೂರ್ತಿ ಬೆಳೆದು ಮೊಟ್ಟೆಯೊಳಗೇ ಸತ್ತ ಮರಿಗಳು ಸಿಗುತ್ತವೆ. ಕೊನೆಯ ಎರಡು-ಮೂರು ವಾರದಲ್ಲಿ ಬೆಳೆದ ಭ್ರೂಣಗಳೇ ಬಿಸಿ ಹುಟ್ಟಿಸುವುದರಿಂದ ಡಬ್ಬದೊಳಗೆ ಅರ್ಧದಿಂದ ಒಂದು ಡಿಗ್ರಿ ಏರಬಹುದು. ಆಗ ಥರ್ಮೋಸ್ಟಾಟನ್ನು ಅಷ್ಟೇ ಇಳಿಸುತ್ತೇನೆ. ವಾರಕ್ಕೊಮ್ಮೆ ಮುಚ್ಚಳ ತೆರೆದು ಗಾಳಿಯಾಡಿಸುವುದನ್ನು ಈ ಹಂತದಲ್ಲಿ ಎರಡು ದಿನಕ್ಕೊಮ್ಮೆ ಮಾಡುತ್ತೇನೆ. ಮುಚ್ಚಳದ ಹನಿಗಳು ಮೊಟ್ಟೆಯ ಮೇಲೆ ಬೀಳುತ್ತಿದ್ದರೆ ಡಬ್ಬವನ್ನು ಒಂದು ಕಡೆ ತುಸು ಎತ್ತರಿಸಿ. ಹನಿ ಜಾರಿ ಬದಿಗೆ ಇಳಿಯುತ್ತದೆ. 45ನೇ ದಿನದ ನಂತರ ಮೊಟ್ಟೆ ಒಳಕ್ಕೆ ತಗ್ಗುವುದು ಸಹಜ, 20ನೇ ದಿನವೇ ತಗ್ಗಿದರೆ ತೇವ ಸಾಲದು. ಮರಿ ಗಂಡೋ ಹೆಣ್ಣೋ ಎಂಬುದು, ಮೊಸಳೆಗಳಲ್ಲಿ ಆಗುವಂತೆ, ಕಾವಿನ ಬಿಸಿಯಿಂದ ನಿರ್ಧಾರವಾಗುವುದಿಲ್ಲ. ಹೆಣ್ಣು ಬೇಕೆಂದು ಡಿಗ್ರಿ ಬದಲಿಸುವುದು ಮೊಟ್ಟೆಗೆ ಅಪಾಯ, ಅಷ್ಟೇ.

ಸಿಪ್ಪೆ ಸೀಳಿದ ಮರಿ ಮೂತಿಯಷ್ಟೇ ಹೊರಗಿಟ್ಟು ಒಂದೆರಡು ದಿನ ಕೂರುತ್ತದೆ, ಹಳದಿ ಭಾಗವನ್ನು ಒಳಕ್ಕೆ ಹೀರಿಕೊಳ್ಳುತ್ತಿರುತ್ತದೆ. ಎಳೆದು ತೆಗೆಯಬಾರದು, ಬಿಸಿಯನ್ನೂ ಬದಲಿಸಬಾರದು. ಮರಿಗಳ ಚಿಕ್ಕ ಟಬ್‌ಗೆ ಬಿಸಿ ಬದಿ 31, ತಂಪು ಬದಿ 27. ಚಿಕ್ಕ ಟಬ್ ಬೇಗ ಇಡಿಯಾಗಿ ಕಾಯುವುದರಿಂದ ಮ್ಯಾಟನ್ನು ಕಾಲು ಭಾಗಕ್ಕೆ ಸೀಮಿತಗೊಳಿಸುತ್ತೇನೆ. ಮೊದಲ ಪೊರೆ ಬಿಟ್ಟ ಮೇಲೆ ಮೊದಲ ಊಟ.

ಕರೆಂಟ್ ಹೋದಾಗ ಮೊದಲು ಇನ್‌ಕ್ಯುಬೇಟರ್‌ನ ಬಾಗಿಲು ತೆರೆಯದಿರುವುದು, ಅದಕ್ಕೆ ಕಂಬಳಿ ಹೊದಿಸುವುದು. ಕೆಲವು ಗಂಟೆ 25ಕ್ಕೆ ಇಳಿದರೂ ಮೊಟ್ಟೆ ತಡೆದುಕೊಳ್ಳುತ್ತದೆ. ಗಾಬರಿಯಲ್ಲಿ ಒಳಗಿಟ್ಟ ಕುದಿನೀರಿನ ಬಾಟಲಿಯನ್ನು ತಡೆದುಕೊಳ್ಳುವುದಿಲ್ಲ. ಬಿಸಿನೀರು ಇಡಲೇಬೇಕಾದರೆ 40 ಡಿಗ್ರಿಯದು, ಬಟ್ಟೆ ಸುತ್ತಿ, ಡಬ್ಬಕ್ಕೆ ತಾಗದಂತೆ. ದೊಡ್ಡ ಹಾವುಗಳಿಗೆ ಬಟ್ಟೆಚೀಲ, ಅದರ ಸುತ್ತ ಥರ್ಮಾಕೋಲ್ ಪೆಟ್ಟಿಗೆ, ಮುಚ್ಚಳದಲ್ಲಿ ಗಾಳಿಗೆ ನಾಲ್ಕು ತೂತು. ಕರೆಂಟ್ ಬಂದ ಮೇಲೆ ಎರಡು ದಿನ ಯಾರಿಗೂ ಇಲಿ ಕೊಡುವುದಿಲ್ಲ, ಮತ್ತು ಪ್ರತಿ ಪ್ರೋಬ್ ತನ್ನ ಜಾಗದಲ್ಲೇ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಿದ ನಂತರವೇ ಮ್ಯಾಟ್‌ಗಳನ್ನು ಮತ್ತೆ ಹಾಕುತ್ತೇನೆ.